ಮೂಗಿನಕ್ಕನ ಹೂವಿನ ಶರಬತ್ತು

ನಮ್ಮ ಲಾಂಡ್ರಿಯಲ್ಲಿ ಬಟ್ಟೆ ಮೊದಲು ಹೋಗುವುದು ನೀರಿಗಲ್ಲ, ಮೂಗಿಗೆ. ಹೊರಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಗಿರಾಕಿ ತಂದ ಗಂಟು ಬಿಚ್ಚಿ, ಒಂದೊಂದು ಬಟ್ಟೆಯನ್ನೂ ಮೂಗಿನ ಹತ್ತಿರ ತಂದು, ಬೆವರಿನದ್ದನ್ನು ಒಂದು ಬುಟ್ಟಿಗೆ, ಎಣ್ಣೆ ಹೊಗೆಯದ್ದನ್ನು ಒಂದಕ್ಕೆ, ಮುಗ್ಗಲು ಹಿಡಿದದ್ದನ್ನು ಇನ್ನೊಂದಕ್ಕೆ ಹಾಕಬೇಕು. ಕಲೆಯನ್ನಾದರೆ ಯಾರು ಬೇಕಾದರೂ ಹುಡುಕುತ್ತಾರೆ. ಮುಗ್ಗಲು ಕಣ್ಣಿಗೆ ಬೀಳುವುದಿಲ್ಲ. ಒದ್ದೆಯಲ್ಲಿ ಎರಡು ದಿನ ಮುದುಡಿ ಕೂತಿದ್ದ ಒಂದೇ ಒಂದು ಅಂಗಿ ಉಳಿದವುಗಳ ಜೊತೆ ಮೆಷಿನ್ನಿಗೆ ಬಿದ್ದರೂ ಸಾಕು, ಇಡೀ ಗಂಟಿಗೇ ವಾಸನೆ ಅಂಟಿಕೊಳ್ಳುತ್ತದೆ. ಒಣಗಿದಾಗ ಗೊತ್ತಾಗುವುದಿಲ್ಲ. ಇಸ್ತ್ರಿ ಪೆಟ್ಟಿಗೆಯ ಬಿಸಿ ತಾಗಿದ ಕೂಡಲೇ ಮಲಗಿದ್ದದ್ದು ಎದ್ದು ಕೂರುತ್ತದೆ. ಆಗ ಗಿರಾಕಿ ಬೈಯುವುದು ಇಸ್ತ್ರಿಯವನನ್ನು, ಅಂದರೆ ನನ್ನನ್ನು.

ಇಪ್ಪತ್ತಾರು ವರ್ಷದಿಂದ ಆ ಮೇಜಿನ ಹಿಂದೆ ನಿಂತಿದ್ದೇನೆ. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರೂ ನನ್ನನ್ನು ಕೆಂಡ ಅನ್ನುತ್ತಾರೆ. ಅಂದುಕೊಳ್ಳಲಿ. ಬೇಸಿಗೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ದಿನಕ್ಕೆ ತೊಂಬತ್ತು ಅಂಗಿ ಉಜ್ಜಿ ನೋಡಲಿ, ಆಮೇಲೆ ಅವರೂ ತಣ್ಣಗೆ ಮಾತಾಡುತ್ತಾರೋ ನೋಡೋಣ. ನಾನು ಲಾಂಡ್ರಿಯ ಯಜಮಾನಿಗೆ ಎದುರಾಡಿದ್ದೇನೆ, ಗಿರಾಕಿಗಳ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ. ಎದುರಾಡದೇ ಇದ್ದದ್ದು ಮೂಗಿನಕ್ಕನೊಬ್ಬಳಿಗೆ.

ಅವಳಿಗೆ ಬೇರೆ ಹೆಸರು ಇತ್ತು, ಹಾಜರಿ ಪುಸ್ತಕದಲ್ಲಿ ಮಾತ್ರ. ಬಟ್ಟೆ ಬೇರ್ಪಡಿಸುವ ಮೇಜು ಅವಳದ್ದು. ಅಗಲ ಹೆಗಲು, ನೆರೆತ ಕೂದಲಿನ ಗಂಟು, ಮೊಣಕೈವರೆಗೆ ಮಡಚಿದ ತೋಳು, ಕಣ್ಣು ಅರ್ಧ ಮುಚ್ಚಿಕೊಂಡು ಬಟ್ಟೆ ಎತ್ತುವ ಒಂದು ಗತ್ತು. ಆ ಮೂಗಿನ ಬಗ್ಗೆ ನಾನೇ ಹತ್ತು ಕತೆ ಹೇಳಬಲ್ಲೆ. ಒಮ್ಮೆ ಒಬ್ಬ ಹೆಂಗಸು ತಂದ ಹೊದಿಕೆಗಳನ್ನು ಮೂಸಿ, “ನಿಮ್ಮನೆ ಗೋಡೆಲಿ ನೀರು ಜಿನುಗ್ತಿದೆ, ಬೀರು ಹಿಂದೆ ನೋಡಿ” ಅಂದಳು. ಆ ಹೆಂಗಸು ಮುಖ ಊದಿಸಿಕೊಂಡು ಹೋದಳು. ಮಾರನೆಯ ದಿನ ಬಂದು, ಬೀರು ಸರಿಸಿದರೆ ಗೋಡೆ ತುಂಬ ಹಸಿರು ಪಾಚಿ ಎಂದು ಬಾಯಿ ಬಾಯಿ ಬಿಟ್ಟಳು. ನನ್ನ ಅಂಗಿ ಮೂಸಿ, ನಾನು ಬಿಟ್ಟೆ ಎಂದು ಹೆಂಡತಿಗೆ ಆಣೆಯಿಟ್ಟಿದ್ದ ಬೀಡಿಯನ್ನು ಪತ್ತೆ ಮಾಡಿದವಳೂ ಅವಳೇ. ಯಾರಿಗೂ ಹೇಳಲಿಲ್ಲ. ವಾರವಿಡೀ ನನ್ನನ್ನು ನೋಡಿದಾಗಲೆಲ್ಲ ಸುಮ್ಮನೆ ಕೆಮ್ಮಿದಳು.

ಬೇಸಿಗೆ ಬಂತೆಂದರೆ ಅವಳು ಹೂವಿನ ನಿಂಬೆ ಶರಬತ್ತು ಮಾಡಿ ತರುತ್ತಿದ್ದಳು. ನಮ್ಮ ಲಾಂಡ್ರಿಗೆ ಇರುವುದು ಎರಡೇ ಕಿಟಕಿ. ಒಂದರ ಎದುರು ಪಕ್ಕದ ಕಟ್ಟಡದ ಗೋಡೆ, ಇನ್ನೊಂದರ ಎದುರು ನಮ್ಮದೇ ಹಬೆಯ ಕೊಳವೆ. ಹನ್ನೊಂದು ಗಂಟೆ ಹೊತ್ತಿಗೆ ಒಳಗೆ ನಿಂತವರು ಬೆಂದ ಬಟಾಟೆಯ ಹಾಗಾಗುತ್ತಿದ್ದೆವು. ಸರಿಯಾಗಿ ಆಗ ಅವಳು ಮೇಜಿನ ಕೆಳಗಿಂದ ಒದ್ದೆ ಟವೆಲ್ ಸುತ್ತಿದ ಸ್ಟೀಲ್ ಕ್ಯಾನನ್ನು ಹೊರಗೆ ತೆಗೆಯುವಳು. ಕುಡಿಯುವವರು ನಾವು ನಾಲ್ವರು. ಯಜಮಾನಿ, ಹೊಲಿಗೆ ಮತ್ತು ರಫೂ ಕೆಲಸದ ಗುಂಡಿಯಮ್ಮ, ಮೆಷಿನ್ ನೋಡಿಕೊಳ್ಳುವ ಮಾಮ, ನಾನು. ಗುಂಡಿಯಮ್ಮನಿಗೆ ಆ ಹೆಸರು ಬಂದದ್ದು ಬಾಯಲ್ಲಿ ಯಾವಾಗಲೂ ಎರಡು ಗುಂಡಿ ಇಟ್ಟುಕೊಂಡೇ ಮಾತಾಡುತ್ತಾಳೆ ಎಂದು. ಶರಬತ್ತಿಗೆ ಮಾತ್ರ ಅವನ್ನು ಉಗುಳಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಮಾಡುವ ಬಗೆಯನ್ನು ಅವಳು ಎಷ್ಟು ಸಲ ಹೇಳಿದ್ದಾಳೆಂದರೆ ನನಗೆ ಬಾಯಿಪಾಠವಾಗಿದೆ. ಸಕ್ಕರೆ ನೀರು ಕುದಿಸಿ ಇಳಿಸಬೇಕು. ಪಾತ್ರೆಯ ಹೊರಮೈಗೆ ಬೆರಳಿಟ್ಟು ಐದು ಎಣಿಸುವಷ್ಟು ಹೊತ್ತು ತಡೆದುಕೊಳ್ಳಲು ಆಗಬೇಕು, ಆಗ ಗುಲಾಬಿ ಎಸಳು ಹಾಕಬೇಕು. ಬುಡದ ಬಿಳಿ ಭಾಗವನ್ನು ಚಿವುಟಿ ತೆಗೆದಿರಬೇಕು, ಇಲ್ಲದಿದ್ದರೆ ಕಹಿ. ಕುದಿಯುವಾಗಲೇ ಹಾಕಿದರೆ ಅದು ಶರಬತ್ತಲ್ಲ, ಕಷಾಯ. ಮುಚ್ಚಳ ಮುಚ್ಚಿ ಕಾಯಬೇಕು. ಎಷ್ಟು ಹೊತ್ತು ಎಂದು ಕೇಳಿದರೆ ಅವಳಿಗೆ ರೇಗುತ್ತಿತ್ತು.

“ಗಡಿಯಾರ ನೋಡಿ ಹೂವು ಅರಳುತ್ತಾ? ಮೊದ್ಲು ಹಸಿ ಹುಲ್ಲಿನ ವಾಸನೆ ಬರುತ್ತೆ. ಅದು ಹೋಗ್ಬೇಕು. ಆಮೇಲೆ ಹೂವು ಬರುತ್ತೆ. ಹೂವು ಬಂದ್ಮೇಲೆ ಬಿಟ್ರೆ ಸೋಪು ಬರುತ್ತೆ. ಹೂವಿಗೂ ಸೋಪಿಗೂ ಮಧ್ಯೆ ತೆಗೀಬೇಕು, ಅಷ್ಟೇ.”

ಸೋಸಿ, ಪೂರ್ತಿ ಆರಿದ ಮೇಲೆ ನಿಂಬೆರಸ. ರಸ ಬಿದ್ದ ಕ್ಷಣ ಮಂಕಾದ ಕಂದು ನೀರು ಕೆಂಪು ತಿರುಗುತ್ತದೆ. ಮೆಷಿನ್ ಮಾಮ ಅದನ್ನು ನೋಡಲೆಂದೇ ಒಮ್ಮೆ ಅವಳ ಮನೆಗೆ ಹೋಗಿದ್ದ. ಬಣ್ಣ ಬಿಡಿಸುವುದರಲ್ಲೇ ಅರ್ಧ ಆಯುಷ್ಯ ಕಳೆದ ಮನುಷ್ಯ, ಬಣ್ಣ ಬರುವುದನ್ನು ನೋಡಿ ಮಗುವಿನ ಹಾಗೆ ಕೈ ತಟ್ಟಿದನಂತೆ.

ಹೋದ ವರ್ಷ ಬೇಸಿಗೆ ಶುರುವಾಗುವ ಮೊದಲು ಮೂಗಿನಕ್ಕನಿಗೆ ಜ್ವರ ಬಂತು. ಎರಡು ವಾರ ಮಲಗಿದಳು. ಸಣ್ಣಗಾಗಿ ಕೆಲಸಕ್ಕೆ ಬಂದಳು, ಬಟ್ಟೆ ಎತ್ತಿದಳು, ಮೂಗಿನ ಹತ್ತಿರ ತಂದಳು, ಬುಟ್ಟಿಗೆ ಹಾಕಿದಳು. ಎಲ್ಲ ಮೊದಲಿನ ಹಾಗೇ ಕಾಣಿಸಿತು. ನಾಲ್ಕನೆಯ ದಿನ ಒಂದು ಕೋಟಿನ ಜೇಬಿನಲ್ಲಿ ಯಾರೋ ಮರೆತಿದ್ದ ಬೇಯಿಸಿದ ಮೊಟ್ಟೆ ಕೊಳೆತು, ಅಂಗಡಿ ತುಂಬ ನಾತ. ಗುಂಡಿಯಮ್ಮ ಸೆರಗನ್ನು ಮೂಗಿಗೆ ಹಿಡಿದು ಬೀದಿಗೆ ಓಡಿದಳು. ಮೆಷಿನ್ ಮಾಮ ಚರಂಡಿ ಕಟ್ಟಿದೆ ಎಂದು ಹಿಂದಿನ ಜಾಲರಿ ಎತ್ತಿ ಇಣುಕುತ್ತಿದ್ದ. ಆ ಕೋಟು ಮೂಗಿನಕ್ಕನ ತೊಡೆಯ ಮೇಲಿತ್ತು. ಅವಳು ಅದಕ್ಕೆ ಚೀಟಿ ಪಿನ್ ಮಾಡುತ್ತಾ, “ಯಾಕೆ ಎಲ್ರೂ ಹೊರಗೆ ಹೋಗ್ತಿದೀರಾ?” ಎಂದು ಕೇಳಿದಳು.

ಆ ಕೋಟನ್ನು ಅವಳ ಕೈಯಿಂದ ನಯವಾಗಿ ತೆಗೆದುಕೊಂಡು ಹೋಗಿ ಹಿಂದಿನ ಅಂಗಳದಲ್ಲಿ ಜೇಬು ಕೊಡವಿದೆ.

ಸಂಜೆ ಅವಳು ಮನೆಗೆ ಹೋದ ಮೇಲೆ ಯಜಮಾನಿ ನಮ್ಮನ್ನು ಕೌಂಟರಿನ ಹತ್ತಿರ ಕರೆದಳು. “ನೋಡಿ, ಜ್ವರದಲ್ಲಿ ವಾಸನೆ ಹೋಗಿದೆ, ಬರುತ್ತೆ. ಅಲ್ಲೀವರೆಗೂ ಯಾರೂ ಬಾಯಿ ಬಿಡ್ಬೇಡಿ. ಅವಳು ಬೇರ್ಪಡಿಸಿದ್ದನ್ನ ಅವಳು ಹೋದ್ಮೇಲೆ ನಾವೇ ಇನ್ನೊಂದ್ಸಲ ನೋಡ್ಕೊಳ್ಳೋಣ.”

ನಾನು ಕೆಂಡ. ಇದ್ದದ್ದನ್ನು ಇದ್ದ ಹಾಗೆ ಹೇಳುವವನೆಂದು ಮೀಸೆ ತಿರುವುತ್ತಿದ್ದವನು. ನಾನೇ ಮೊದಲು ತಲೆಯಾಡಿಸಿದೆ.

ಅಂದಿನಿಂದ ದಿನವೂ ಐದು ಗಂಟೆಗೆ ಅವಳು ಚೀಲ ಹೆಗಲಿಗೇರಿಸಿ ಹೊರಟ ಕೂಡಲೇ ಗುಂಡಿಯಮ್ಮ ಮತ್ತು ನಾನು ಬುಟ್ಟಿಗಳನ್ನು ಸುರಿದು, ಒಂದೊಂದನ್ನೂ ಮೂಸಿ, ಮತ್ತೆ ತುಂಬುತ್ತಿದ್ದೆವು. ಅವಳು ಕಣ್ಣಂದಾಜಿನಲ್ಲಿ ಹಾಕಿದ್ದರಲ್ಲಿ ಮುಕ್ಕಾಲು ಪಾಲು ಸರಿಯಾಗಿಯೇ ಇರುತ್ತಿತ್ತು. ಉಳಿದ ಕಾಲು ಪಾಲನ್ನು ನಾವು ಸರಿ ಮಾಡುತ್ತಿದ್ದೆವು. ಬೆಳಿಗ್ಗೆ ಅವಳು ಬಂದಾಗ ಬುಟ್ಟಿಗಳು ಅವಳಿಟ್ಟ ಜಾಗದಲ್ಲೇ ಇರುತ್ತಿದ್ದವು. ಇದಕ್ಕೆ ನಾವು ಕರುಣೆ ಎಂದು ಹೆಸರಿಟ್ಟುಕೊಂಡಿದ್ದೆವು. ನಿಜ ಹೇಳಬೇಕೆಂದರೆ, ಅವಳೆದುರು ನಿಂತು ಹೇಳುವ ಧೈರ್ಯ ನಾಲ್ವರಲ್ಲಿ ಒಬ್ಬರಿಗೂ ಇರಲಿಲ್ಲ.

ಅವಳೂ ಹೇಳಲಿಲ್ಲ. ವೈದ್ಯರು ಅವಳಿಗೆ ಒಂದು ವರ್ಷ ಕಾಯಲು ಹೇಳಿದ್ದರಂತೆ. ವಾಸನೆ ಬರುವುದಾದರೆ ಅಷ್ಟರೊಳಗೆ ಬರುತ್ತದೆ, ಆಮೇಲೆ ಆಸೆ ಕಡಿಮೆ ಎಂದಿದ್ದರಂತೆ. ಇದು ನನಗೆ ತಿಳಿದದ್ದು ತುಂಬ ತಡವಾಗಿ. ಆ ಒಂದು ವರ್ಷ ತನ್ನ ಮೇಜು ತನಗಿದ್ದರೆ ಸಾಕು ಎಂದು ಅವಳು ಸುಮ್ಮನಿದ್ದಳು. ಅವಳ ಗುಟ್ಟು ನಮಗೆ ಗೊತ್ತಿಲ್ಲ ಎಂದು ಅವಳು ತಿಳಿದಿದ್ದಳು. ನಮಗೆ ಗೊತ್ತಿದ್ದದ್ದು ಅವಳಿಗೆ ಗೊತ್ತಾಗದ ಹಾಗೆ ನಾವು ನೋಡಿಕೊಂಡೆವು.

ಆ ವರ್ಷದಲ್ಲಿ ಅವಳು ಒಂದೊಂದಾಗಿ ಮಾತು ಬಿಟ್ಟಳು. ನನ್ನನ್ನು ನೋಡಿ ಕೆಮ್ಮುವುದನ್ನು ಬಿಟ್ಟಳು. ಗಿರಾಕಿಗಳಿಗೆ ಬುದ್ಧಿ ಹೇಳುವುದನ್ನು ಬಿಟ್ಟಳು. ಮಧ್ಯಾಹ್ನ ಡಬ್ಬಿ ಬಿಚ್ಚಿ, ಚೀಟಿ ಪಿನ್ ಮಾಡುವಷ್ಟೇ ಗಮನದಿಂದ ತಿಂದು ಮುಗಿಸುತ್ತಿದ್ದಳು. ಏನು ತಂದಿದ್ದೀಯಕ್ಕ ಎಂದರೆ, “ಏನೋ” ಅನ್ನುತ್ತಿದ್ದಳು. ಚಳಿಗಾಲದಲ್ಲಿ ಅವಳ ಮಗಳಿಗೆ ಹೆರಿಗೆಯಾಯಿತು. ಅಜ್ಜಿಯಾದೆ, ಸಿಹಿ ಎಲ್ಲಿ ಎಂದು ನಾವು ಪೀಡಿಸಿದೆವು. ಅವಳು ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟು ಕೆಲಸಕ್ಕೆ ಕೂತಳು. ಮುಖದಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಅಂಗಡಿ ಮುಚ್ಚಿದ ಮೇಲೂ ಬೋರ್ಡು ನೇತಾಡುತ್ತಿರುತ್ತದಲ್ಲ, ಹಾಗೆ.

ಶರಬತ್ತನ್ನು ಮಾತ್ರ ಬಿಡಲಿಲ್ಲ. ಹೋದ ಬೇಸಿಗೆಯಿಡೀ ಮಾಡಿ ತಂದಳು. ಗಡಿಯಾರ ನೋಡಿ, ಬಣ್ಣ ನೋಡಿ. ಒಂದು ದಿನ ಹಸಿ ಹುಲ್ಲು ಕುಡಿದ ಹಾಗಿರುತ್ತಿತ್ತು, ಒಂದು ದಿನ ಮೈ ಸೋಪು ನೆಕ್ಕಿದ ಹಾಗೆ. ಲೋಟ ಕೊಟ್ಟು ಅವಳು ನಮ್ಮ ಮುಖಗಳನ್ನು ನೋಡುತ್ತಿದ್ದಳು.

“ಹೇಗಿದೆ?”

“ಚೆನ್ನಾಗಿದೆ,” ಅನ್ನುತ್ತಿದ್ದೆವು ನಾಲ್ವರೂ. ಗುಂಡಿಯಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, “ಹೋದ ಸಲಕ್ಕಿಂತ ಚೆನ್ನಾಗಿದೆ ಅಕ್ಕ” ಅನ್ನುತ್ತಿದ್ದಳು. ಹೀಗೆ ಒಂದು ಬೇಸಿಗೆ ಪೂರ್ತಿ ಅವಳ ಕಿವಿಯ ಮೇಲೆ ಹೂವಿಟ್ಟೆವು.

ಈ ವರ್ಷ ಬಿಸಿಲು ಬೇಗ ಬಂತು. ಅವಳ ಮನೆಯ ಹಿಂದಿನ ಬಾಲ್ಕನಿಯಲ್ಲಿ ತಗಡಿನ ಡಬ್ಬದ ಗುಲಾಬಿ ಗಿಡ ಒಮ್ಮೆಲೇ ಹೂ ಬಿಟ್ಟಿತು. ಅಷ್ಟನ್ನೂ ಒಂದೇ ಸಲ ಬಳಸಲಾಗದೆ ಎಸಳು ಒಣಗಿಸಿ ಇಡೋಣ ಎಂದುಕೊಂಡಳು. ಬೇರೆಯವರಾಗಿದ್ದರೆ ಮೊರದಲ್ಲಿ ಹರಡಿ ನೆರಳಲ್ಲಿ ಇಡುತ್ತಿದ್ದರು. ಲಾಂಡ್ರಿಯವರಿಗೆ ಒಣಗಿಸುವುದೆಂದರೆ ಒಂದೇ ಜಾಗ. ಶನಿವಾರ ಅವಳು ಎಸಳನ್ನೆಲ್ಲ ಒಗೆದ ದಿಂಬಿನ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನಮ್ಮ ಒಣಗಿಸುವ ಕೋಣೆಯ ಹಗ್ಗಕ್ಕೆ ಕ್ಲಿಪ್ ಹಾಕಿದಳು. ನಾನು ನೋಡಿದೆ. ನನಗೂ ಅದು ಸರಿಯೆಂದೇ ಕಂಡಿತು, ಅಲ್ಲಿ ಕಂಬಳಿಗಳೇ ಒಣಗುತ್ತವೆ. ನಮ್ಮಿಬ್ಬರಿಗೂ ಹೊಳೆಯದೇ ಹೋದದ್ದೇನೆಂದರೆ, ಭಾನುವಾರ ಕೋಣೆ ಕಾಯಿಸುವ ಹಬೆ ಬಂದ್, ಫ್ಯಾನೂ ಬಂದ್. ಶನಿವಾರದ ಒದ್ದೆಯೆಲ್ಲ ಮುಚ್ಚಿದ ಬಾಗಿಲ ಹಿಂದೆ ಆ ಕೋಣೆಯಲ್ಲೇ ನಿಂತಿರುತ್ತದೆ. ಸೋಮವಾರ ಅವಳು ಚೀಲ ಇಳಿಸಿ ಕೈಯಾಡಿಸಿದಳು. ಆ ಹೊತ್ತಿಗೆ ಹಬೆ ಮತ್ತೆ ಶುರುವಾಗಿತ್ತು, ಎಸಳು ಗರಿಗರಿಯಾಗಿದ್ದವು, ಬಣ್ಣವೂ ಇತ್ತು. ಹಳೆಯ ಮೂಗಿನಕ್ಕ ಆಗಿದ್ದರೆ ಆ ಚೀಲವನ್ನು ಬಾಗಿಲಿನಿಂದಲೇ ತಿಪ್ಪೆಗೆ ಎಸೆಯುತ್ತಿದ್ದಳು.

ಮಂಗಳವಾರ ಹನ್ನೊಂದಕ್ಕೆ ಕ್ಯಾನ್ ಬಂತು. ಬಣ್ಣ ನೋಡಿದರೆ ಕಣ್ಣು ತಂಪಾಗುವ ಕೆಂಪು. ಒಂದು ಗುಟುಕು ಕುಡಿದೆ. ಬಿಸಿ ಪಾಕದಲ್ಲಿ ನೆನೆದು ಮುಗ್ಗಲು ಎದ್ದು ಕೂತಿತ್ತು. ಇಪ್ಪತ್ತಾರು ವರ್ಷ ಯಾವ ವಾಸನೆಯನ್ನು ಅಂಗಿಗಳಿಂದ ಓಡಿಸುತ್ತಾ ಬಂದಿದ್ದೆನೋ ಅದನ್ನು ನುಂಗಿದೆ. ಯಜಮಾನಿ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಕುಡಿದಳು. ಮೆಷಿನ್ ಮಾಮ ಗೋಡೆಗೆ ಮುಖ ಮಾಡಿ ಕುಡಿದ. ಗುಂಡಿಯಮ್ಮನ ಕಣ್ಣಲ್ಲಿ ನೀರು ಬಂತು, ಆದರೂ ಲೋಟ ಕೆಳಗಿಡಲಿಲ್ಲ.

“ಹೇಗಿದೆ?”

“ಚೆನ್ನಾಗಿದೆ ಅಕ್ಕ.”

ಅಷ್ಟರಲ್ಲಿ ಕೋಟಿನ ಮೇಷ್ಟ್ರು ಬಂದರು. ನಿವೃತ್ತರಾಗಿ ಹತ್ತು ವರ್ಷವಾಗಿದೆ, ಹದಿನೈದು ದಿನಕ್ಕೊಮ್ಮೆ ಅದೇ ಒಂದು ಕೋಟು ತರುತ್ತಾರೆ. ಬೆವರಿ ನಿಂತಿದ್ದ ಅವರಿಗೆ ಮೂಗಿನಕ್ಕ ತಾನೇ ಎದ್ದು ಒಂದು ಲೋಟ ಕೊಟ್ಟಳು. ನನಗೆ ಆಗಲೇ ಅದನ್ನು ಕೈತಪ್ಪಿಸಿ ಬೀಳಿಸಬೇಕೆನ್ನಿಸಿತು. ಕೈಯಲ್ಲಿ ಬಿಸಿ ಇಸ್ತ್ರಿ ಪೆಟ್ಟಿಗೆ ಇತ್ತು.

ಮೇಷ್ಟ್ರು ಕುಡಿದರು, ತಡೆದರು, ಬಾಗಿಲಿಗೆ ಹೋಗಿ ಉಗುಳಿ ಬಂದರು. ಕೆಟ್ಟ ಮನುಷ್ಯರಲ್ಲ ಅವರು. ತಪ್ಪು ಕಂಡರೆ ಕೆಂಪು ಶಾಯಿ ಹಾಕುವುದು ಅಭ್ಯಾಸ.

“ಇದೇನಮ್ಮ, ಒದ್ದೆ ಟವೆಲ್ ಹಿಂಡಿ ಕೊಟ್ಟ ಹಾಗಿದೆ! ಹೂವು ಮುಗ್ಗಲು ಹಿಡಿದಿದೆ. ನಿಮಗೆ ವಾಸನೆ ಗೊತ್ತಾಗ್ಲಿಲ್ವಾ? ನಿಮಗೇ?”

ಮೂಗಿನಕ್ಕ ತಿರುಗಿ ನನ್ನ ಮೇಜಿನ ಅಂಚಿನಲ್ಲಿ ಸಾಲಾಗಿದ್ದ ನಮ್ಮ ಲೋಟಗಳನ್ನು ನೋಡಿದಳು. ನಾಲ್ಕೂ ಖಾಲಿ. ಒಂದರಲ್ಲೂ ಒಂದು ಗುಟುಕು ಉಳಿದಿರಲಿಲ್ಲ. ಯಾರಾದರೂ ಒಬ್ಬರು ಅರ್ಧ ಬಿಟ್ಟಿದ್ದರೂ ಅವಳು ಬೇರೇನಾದರೂ ಅಂದುಕೊಳ್ಳಬಹುದಿತ್ತು.

ನಂತರ ಅವಳು ಬುಟ್ಟಿಗಳನ್ನು ನೋಡಿದಳು. ಒಂದು, ಎರಡು, ಮೂರು. ಗುಂಡಿಯಮ್ಮನನ್ನು ನೋಡಿದಳು. ಗುಂಡಿಯಮ್ಮ ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳು ಚುಚ್ಚಿಕೊಂಡಳು.

“ಎಷ್ಟು ದಿನದಿಂದ?” ಎಂದು ಮೂಗಿನಕ್ಕ ಕೇಳಿದಳು. ಕೇಳಿದ್ದು ನನ್ನನ್ನು.

“ಮೊಟ್ಟೆ ಸಿಕ್ಕಿದ ದಿನದಿಂದ,” ಅಂದೆ.

“ಯಾವ ಮೊಟ್ಟೆ?”

ಅದೂ ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ. ಕೋಟು, ಜೇಬು, ಎಲ್ಲರೂ ಬೀದಿಗೆ ಓಡಿದ್ದು. ಸಂಜೆ ಐದರ ಮೇಲೆ ನಾವು ಬುಟ್ಟಿ ಸುರಿಯುತ್ತಿದ್ದದ್ದನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, “ಓ” ಅಂದಳು. ತನ್ನ ಮೇಜಿಗೆ ಹೋಗಿ ಕೂತಳು. ಮುಂದಿನ ಗಂಟಿನಿಂದ ಒಂದು ಅಂಗಿ ಎತ್ತಿ, ಅಭ್ಯಾಸಬಲದಿಂದ ಮೂಗಿನವರೆಗೆ ತಂದು, ಅಲ್ಲೇ ನಿಲ್ಲಿಸಿ, ಕೆಳಗಿಳಿಸಿದಳು. “ನೀನೇ ನೋಡು” ಎಂದು ಗುಂಡಿಯಮ್ಮನ ಕಡೆ ಚಾಚಿದಳು.

ಆ ಮಧ್ಯಾಹ್ನ ಯಜಮಾನಿ ಅವಳನ್ನು ಕೌಂಟರಿನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹಾಕಿದಳು. ಸಂಬಳ ಅದೇ, ಕೂರುವ ಕೆಲಸ, ಗಾಳಿ ಬರುತ್ತೆ ಎಂದೆಲ್ಲ ಯಜಮಾನಿ ತೊದಲಿದಳು. “ಆಯ್ತು” ಅಂದಳು ಮೂಗಿನಕ್ಕ. ಮೂಗಿನಕ್ಕ ಎಂದು ಕರೆಯಲು ಅವತ್ತಿನಿಂದ ಯಾರಿಗೂ ನಾಲಿಗೆ ಹೊರಳಲಿಲ್ಲ. ಬರೀ ಅಕ್ಕ ಅನ್ನತೊಡಗಿದೆವು. ಅದೂ ಅವಳಿಗೆ ಕೇಳಿಸಿರಬೇಕು.

ನಾನು ಎರಡು ದಿನ ತಡೆದೆ. ಮೂರನೆಯ ದಿನ ಕೌಂಟರಿಗೆ ಹೋಗಿ ನಿಂತೆ.

“ಬೈಯಕ್ಕ. ಒಂದ್ಸಲ ಉಗಿದು ಬಿಡು. ನಾಲ್ಕು ಜನಾನೂ ಸಾಲಾಗಿ ನಿಂತ್ಕೋತೀವಿ.”

“ಬೈಬೇಕು ಅಂತ ಅನ್ಸಿದ್ರೆ ಬೈತಿದ್ದೆ,” ಅಂದಳು. “ಅನ್ಸಲ್ಲ. ಜಾಗ ಬಿಡು, ಗಿರಾಕಿ ಬಂದ್ರು.”

ಅವಳು ಚಪ್ಪಲಿ ತೆಗೆದು ಹೊಡೆದಿದ್ದರೆ ಅವತ್ತು ಚೆನ್ನಾಗಿ ನಿದ್ದೆ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಎಂಟು ನಿಂಬೆಹಣ್ಣು ಕೊಂಡು ಅವಳ ಮನೆಗೆ ಹೋದೆ. ಎರಡನೆಯ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಒಬ್ಬರೇ ನಿಲ್ಲಬಹುದಾದಷ್ಟು ಬಾಲ್ಕನಿ. ನನ್ನನ್ನು ನೋಡಿ ಅವಳು ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಾಗಿಲು ಬಿಟ್ಟು ಒಳಗೆ ಹೋದಳು. ಅಡುಗೆಮನೆಯ ಕಟ್ಟೆ ಸ್ವಚ್ಛವಾಗಿತ್ತು. ಸಾಮಾನಿನ ಪ್ರತಿ ಡಬ್ಬಿಗೂ ನಮ್ಮ ಲಾಂಡ್ರಿಯ ಚೀಟಿ ಅಂಟಿಸಿ, ಯಾವತ್ತು ತಂದದ್ದು ಎಂದು ತಾರೀಖು ಬರೆದಿದ್ದಳು. ಒಲೆಯ ಪಕ್ಕದ ಗೋಡೆಯಲ್ಲಿ ಒಂದು ಕಾಗದ. “ಗ್ಯಾಸ್ ಮುಚ್ಚಿದೆಯಾ? ಇನ್ನೊಮ್ಮೆ ನೋಡು.” ನಾನು ಅದನ್ನು ಓದಿದ್ದನ್ನು ಅವಳು ನೋಡಿದಳು.

“ಹೂವಿದೆಯಾ?” ಎಂದು ಕೇಳಿದೆ.

“ಗಿಡದಲ್ಲಿದೆ. ಯಾಕೆ?”

“ಶರಬತ್ತು ಮಾಡೋಣ. ಮೂಸೋ ಕೆಲಸ ನಂದು. ಇದ್ದದ್ದು ಇದ್ದ ಹಾಗೆ ಹೇಳ್ತೀನಿ.”

ಬೇಡ ಎನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕಾಗುತ್ತದೆ. ಅವಳಿಗೆ ಅದೂ ಇರಲಿಲ್ಲ ಅನ್ನಿಸುತ್ತದೆ. ಸಕ್ಕರೆ ಡಬ್ಬಿ ಇಳಿಸಿದಳು. ನಾನು ಬಾಲ್ಕನಿಗೆ ಹೋಗಿ ಆ ಬೆಳಿಗ್ಗೆ ಅರಳಿದ್ದ ಆರು ಹೂವು ಕೊಯ್ದು ತಂದೆ. ಇಬ್ಬರೂ ನೆಲದ ಮೇಲೆ ಕೂತು ಎಸಳಿನ ಬಿಳಿ ಬುಡ ಚಿವುಟಿದೆವು. ನನ್ನ ದಪ್ಪ ಬೆರಳಿಗೆ ಅರ್ಧ ಎಸಳೇ ಹರಿದು ಬರುತ್ತಿತ್ತು. ಮೊದಲಾಗಿದ್ದರೆ ಕೈಗೆ ಒಂದು ಏಟು ಬೀಳುತ್ತಿತ್ತು.

“ಚಳಿಗಾಲದಲ್ಲಿ ಮಗಳ ಮನೆಗೆ ಹೋಗಿದ್ನಲ್ಲ,” ಎಂದಳು ಇದ್ದಕ್ಕಿದ್ದ ಹಾಗೆ, ಎಸಳಿನಿಂದ ಕಣ್ಣು ಎತ್ತದೆ. “ಮಗೂನ ತಂದು ತೊಡೆ ಮೇಲೆ ಮಲಗಿಸಿದ್ರು. ಹಸುಗೂಸಿಗೆ ಒಂದು ವಾಸನೆ ಇರುತ್ತೆ, ನೆತ್ತಿಲಿ. ನನ್ ಮಗಳು ಹುಟ್ಟಿದಾಗ ಅದನ್ನ ಮೂಸ್ಕೊಂಡೇ ಮೂರು ತಿಂಗಳು ಕಳೆದಿದ್ದೆ. ಇದನ್ನೂ ಬಗ್ಗಿ ಮೂಸ್ದೆ. ಗೊಂಬೆ ಎತ್ಕೊಂಡ ಹಾಗಿತ್ತು. ಎಲ್ರೂ ನೋಡ್ತಿದ್ರು ಅಂತ ನಕ್ಕೆ.”

ಒಂದು ವರ್ಷ ಕಾಯಲು ವೈದ್ಯರು ಹೇಳಿದ್ದನ್ನು ಅವಳು ಹೇಳಿದ್ದು ಆಗಲೇ.

“ಇನ್ನೂ ಟೈಮಿದೆಯಲ್ಲಕ್ಕ?”

“ಹೋದ ಗುರುವಾರಕ್ಕೆ ಮುಗೀತು.”

ಸಕ್ಕರೆ ನೀರು ಕುದಿಯಿತು. ಇಳಿಸಿ, ಬೆರಳಿಟ್ಟು ಐದು ಎಣಿಸಿದಳು. ಎಸಳು ಹಾಕಿ ಮುಚ್ಚಿದಳು. ನಾನು ಮೀಸೆ ಒರೆಸಿಕೊಂಡು ಪಾತ್ರೆಯ ಪಕ್ಕ ನಿಂತೆ. ಸ್ವಲ್ಪ ಹೊತ್ತಿಗೊಮ್ಮೆ ಅವಳು ಮುಚ್ಚಳ ಓರೆ ಮಾಡುವಳು, ನಾನು ಬಗ್ಗಿ ಮೂಸುವೆ. ಸುಟ್ಟ ಗಂಜಿಯ ಹೊಗೆ ಕುಡಿದು ಕುಡಿದು ನನ್ನ ಮೂಗು ಮೊಂಡಾಗಿದೆ ಎಂದು ಅವತ್ತೇ ನನಗೆ ಗೊತ್ತಾದದ್ದು. ಮೊದಲ ಸಲ ಏನೂ ಬರಲಿಲ್ಲ.

“ಏನೂ ಇಲ್ಲ,” ಎಂದೆ ಪ್ರಾಮಾಣಿಕವಾಗಿ.

“ಹ್ಞೂಂ.”

ಎರಡನೆಯ ಸಲ, “ಹುಲ್ಲು. ಬಾಡಿದ ಹುಲ್ಲಲ್ಲ, ಆಗತಾನೇ ಕತ್ತರಿಸಿದ್ದು.”

“ಹ್ಞೂಂ,” ಎಂದು ಮುಚ್ಚಿದಳು.

ಮೂರನೆಯ ಸಲ ಹುಲ್ಲು ಹಿಂದೆ ಸರಿದಿತ್ತು, ಆದರೆ ಜಾಗಕ್ಕೆ ಬೇರೇನೂ ಬಂದಿರಲಿಲ್ಲ. ಹಾಗೆಂದೇ ಹೇಳಿದೆ. ನಾಲ್ಕನೆಯ ಸಲ ಮುಚ್ಚಳ ಓರೆಯಾದದ್ದೇ ತಡ, ಹೂವು ಎದುರಿಗೆ ಬಂದು ನಿಂತಿತು. ಗೊತ್ತಾಗಲು ಮೂಗು ಬಗ್ಗಿಸಬೇಕಾಗಿಯೇ ಇರಲಿಲ್ಲ.

“ಈಗ! ಈಗ ತೆಗಿ ಅಕ್ಕ, ಈಗ!” ಎಂದು ಕಿರುಚಿಬಿಟ್ಟೆ.

ಅವಳು ಸರಸರನೆ ಸೋಸಿದಳು. ಕೈಗಳು ಏನನ್ನೂ ಮರೆತಿರಲಿಲ್ಲ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ನಿಂಬೆ ಹಿಂಡಿದಳು. ಬಣ್ಣ ತಿರುಗಿತು. ತಣ್ಣೀರು ಬೆರೆಸಿ ಎರಡು ಲೋಟಕ್ಕೆ ಸುರಿದಳು.

ಕುಡಿದೆ. ಮೊದಲು ನಿಂಬೆಯ ಹುಳಿ ನಾಲಿಗೆಗೆ ತಾಗಿತು, ಅದರ ಹಿಂದೆಯೇ ಹೂವು ಗಂಟಲಿನಿಂದ ಮೂಗಿಗೆ ಏರಿತು, ಹುಲ್ಲಿಲ್ಲ, ಸೋಪಿಲ್ಲ. ಮೂರು ವರ್ಷದ ಹಿಂದೆ, ಬಿಸಿಲಿಗೆ ಡಾಂಬರು ಮೆತ್ತಗಾಗಿದ್ದ ಬೇಸಿಗೆಯಲ್ಲಿ ಅವಳು ತರುತ್ತಿದ್ದ ಶರಬತ್ತು ಹೀಗೇ ಇತ್ತು. ಅಲ್ಲ, ಅದಕ್ಕಿಂತ ಚೆನ್ನಾಗಿತ್ತು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅವಳೂ ಒಂದು ಗುಟುಕು ಕುಡಿದು ಲೋಟ ಇಳಿಸಿದಳು. “ಹುಳಿ ಇದೆ, ಸಿಹಿ ಇದೆ, ತಣ್ಣಗಿದೆ,” ಅಂದಳು. ಆಮೇಲೆ ನನ್ನ ಮುಖ ನೋಡಿದಳು. ಕಾಲರಿನ ಒಳಗೆ ಕಲೆ ಹುಡುಕುವ ಹಾಗೆ ನೋಡಿದಳು.

“ಹೇಗಿದೆ?”

“ಚೆನ್ನಾಗಿದೆ,” ಅಂದೆ.

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಅದೇ ಮಾತು, ಅದೇ ದನಿ. ಹುಲ್ಲು ಕುಡಿದ ದಿನವೂ ಹೀಗೇ ಹೇಳಿದ್ದೆ, ಸೋಪು ಕುಡಿದ ದಿನವೂ, ಹೋದ ಮಂಗಳವಾರ ಮುಗ್ಗಲು ನುಂಗಿದಾಗಲೂ. ಅವಳು ತಲೆಯಾಡಿಸಿದಳು, ಚೀಟಿ ಬರೆದು ಕೊಟ್ಟ ಮೇಲೆ ಗಿರಾಕಿಗೆ ಆಡಿಸುವ ಹಾಗೆ.

“ಇಲ್ಲಕ್ಕ, ನಿಜವಾಗ್ಲೂ,” ಅಂದೆ. “ಈ ಸಲ ನಿಜ. ಹೂವು ಸರಿಯಾಗಿ ಬಂದಿದೆ. ನಿನ್ನಾಣೆ. ನನ್ ಹೆಂಡತಿ ಆಣೆ.” ಬೀಡಿಯ ವಿಷಯದಲ್ಲೂ ಹೆಂಡತಿಯ ಮೇಲೇ ಆಣೆಯಿಟ್ಟಿದ್ದೆ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಬೇರೆ ಮಾತು ಹುಡುಕಿದೆ. ಘಮಘಮ ಅಂದೆ, ಅಮೃತ ಅಂದೆ. ಗುಂಡಿಯಮ್ಮ ಇವನ್ನೆಲ್ಲ ಹೋದ ಬೇಸಿಗೆಯಲ್ಲೇ ಹೇಳಿ ಮುಗಿಸಿದ್ದಳು. ಅಳು ಬಂದದ್ದನ್ನು ತೋರಿಸೋಣವೆಂದರೆ, ಮಂಗಳವಾರ ಗುಂಡಿಯಮ್ಮನ ಕಣ್ಣಲ್ಲೂ ನೀರು ಬಂದಿತ್ತು.

“ಇರ್ಲಿ ಬಿಡು,” ಅಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. “ಚೆನ್ನಾಗಿಲ್ಲ ಅಂದಿದ್ರೆ ನಂಬ್ತಿದ್ದೆ.”

ತನ್ನ ಲೋಟದಲ್ಲಿ ಉಳಿದದ್ದನ್ನು ಅವಳು ಔಷಧಿಯ ಹಾಗೆ ಮುಗಿಸಿ, ತೊಳೆದು ಬೋರಲು ಹಾಕಿದಳು. ಒಲೆಯ ಗುಬುಟನ್ನು ಒಮ್ಮೆ ಮುಟ್ಟಿ ನೋಡಿದಳು, ಇನ್ನೊಮ್ಮೆ ಮುಟ್ಟಿ ನೋಡಿದಳು. ನಾನು ಇನ್ನೊಂದು ಲೋಟ ಕೇಳಿದೆ. ಕೊಟ್ಟಳು. ಅದನ್ನೂ ಪೂರ್ತಿ ಕುಡಿದೆ. ಖಾಲಿ ಲೋಟವನ್ನು ಅವಳು ನೋಡಲೂ ಇಲ್ಲ, ಕೈ ಚಾಚಿ ಇಸಿದುಕೊಂಡು ತೊಳೆದಳು.